ಎಂಟನೇ ಮಂಚದ ಟೀಚರ್

ಮಾರ್ಚ್ 3, ಸೋಮವಾರ
ರೌಂಡ್ಸ್ ಮುಗಿಯಿತು, ಟೀ ಆರಿತು. ಮಾನಸಿಕ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನರ್ಸಾಗಿ ಹತ್ತೊಂಬತ್ತು ವರ್ಷ. ಬಿಸಿ ಟೀ ಕುಡಿದ ನೆನಪಿಲ್ಲ. ಎಂಟನೇ ಮಂಚಕ್ಕೆ ಟೀಚರ್ ಮತ್ತೆ ಬಂದಿದ್ದಾರೆ. ಹೋದ ವರ್ಷ ಅವರ ಕೈಕಾಲನ್ನು ಮಂಚಕ್ಕೆ ಕಟ್ಟಿದವಳು ನಾನೇ. ಆಗ ಅದೇ ರೂಢಿ. ಈಗ ಹೊಸ ಡಾಕ್ಟರ್ ಹೇಳಿದ್ದಾರೆ — ಬೇರೆ ದಾರಿಯೇ ಇಲ್ಲದಾಗ ಮಾತ್ರ. ನನ್ನನ್ನು ಕಂಡದ್ದೇ ಟೀಚರ್ ಗೋಡೆಗೆ ತಿರುಗಿ ಮಲಗಿದರು. ಮಾಡಿದ್ದುಣ್ಣೋ ಮಹಾರಾಯ. ಈ ಸಲ ಕಟ್ಟದೆ ಮನೆಗೆ ಕಳಿಸಬೇಕು.

ಮಾರ್ಚ್ 4, ಮಧ್ಯಾಹ್ನ 3
ಟೀಚರಿಗೆ ನಿದ್ದೆಯಿಂದ ಎಚ್ಚರವಾದದ್ದೇ ಕಿರುಚಾಟ, ಒದೆತ. ನನ್ನ ಕೆನ್ನೆಗೂ ಒಂದು ಬಿತ್ತು.

"ಕಟ್ಟೋಣ್ವಾ ಸಿಸ್ಟರ್?" — ಹೊಸ ನರ್ಸ್.

"ತಡಿಯಮ್ಮಾ."

ನೆಲದ ಮೇಲೆ ಕೂತೆ. ಮುಂದೇನು ಮಾಡಬೇಕೋ ಗೊತ್ತಿರಲಿಲ್ಲ.

"ಕಾಲು ಬಿಡಿ… ಕಾಲು ಬಿಡಿ…"

ಟೀಚರ್ ಕಾಲನ್ನು ಯಾರೂ ಹಿಡಿದಿರಲಿಲ್ಲ. ಆಮೇಲೆ ಕಂಡಿತು. ಅವರು ಮಲಗಿದ್ದಾಗ ಹೊದಿಸಿ, ಹೊದಿಕೆಯ ಅಂಚನ್ನು ಮೂರೂ ಕಡೆ ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿದ್ದೆ. ಟ್ರೈನಿಂಗಿನಲ್ಲಿ ಕಲಿತದ್ದು, ಒಂದು ನೆರಿಗೆ ಕಂಡರೂ ಮೇಟ್ರನ್ ಬೈಯುತ್ತಿದ್ದರು. ಕಿತ್ತು ಹಾಕಿದೆ. ಕಾಲು ಆಡಿತು, ಕಿರುಚಾಟ ನಿಂತಿತು.

ಹಗ್ಗವಿಲ್ಲದೆ ಮತ್ತೆ ಕಟ್ಟಿದ್ದೆ. ಬಟ್ಟೆ ಕೋಣೆಗೆ ಹೋಗಿ ಅತ್ತೆ.

ಮಾರ್ಚ್ 5
ಟೀಚರ್ ಹತ್ತಿರ ತಪ್ಪಾಯಿತು ಎಂದೆ. ನಿನ್ನೆಯದಕ್ಕೂ, ಹೋದ ವರ್ಷದ್ದಕ್ಕೂ.

"ಅವತ್ತು ಕಟ್ಟಿದ್ದಾಗ ನೀರು ಕೇಳ್ದೆ. ಬಂದೆ ಅಂತ ಹೋದ್ರಿ, ಬರ್ಲೇ ಇಲ್ಲ. ನಾಲ್ಕು ಗಂಟೆ."

ನನಗೆ ನೆನಪೇ ಇಲ್ಲ. ಅದೇ ಹೆಚ್ಚು ಚುಚ್ಚಿತು.

"ಪರವಾಗಿಲ್ಲ ಅನ್ಬೇಕಾ ಈಗ ನಾನು?"

"ಬೇಡ ಟೀಚರ್."

"ಹಾಗಾದ್ರೆ ಕೂತ್ಕೊಳ್ಳಿ."

ಕೂತೆ.

ಮಾರ್ಚ್ 13
ವಾರವಿಡೀ ಬರೆಯಲಿಲ್ಲ. ಖುಷಿಯಲ್ಲಿದ್ದೆ, ಪುರುಸೊತ್ತಿರಲಿಲ್ಲ. ಟೀಚರಿಗೆ ಏನು ಬೇಕು, ಏನು ಬೇಡ — ಅವರನ್ನೇ ಕೇಳಿ ಫೈಲಿಗೆ ಬರೆದೆ. ಹಿಂದಿನಿಂದ ಮುಟ್ಟಬಾರದು. ಬಾಗಿಲು ತೆರೆದಿರಲಿ. ಹೊದಿಕೆ ಸಡಿಲ. "ಏನ್ರೀ ಇದು, ಕಾಗೆ ಕಾಲು ಗುಬ್ಬಿ ಕಾಲು" ಎಂದು ನನ್ನ ಅಕ್ಷರ ನೋಡಿ ನಕ್ಕರು. ಅವರು ನಕ್ಕಿದ್ದು ಮೊದಲ ಸಲ.

ಈಗ ಯಾವ ಮಂಚದಲ್ಲೂ ಹೊದಿಕೆ ಸಿಕ್ಕಿಸುವುದಿಲ್ಲ. ವಾರ್ಡು ಸಂತೆಯಂತಿದೆ. ಮನೆಯಲ್ಲೂ ಸಿಕ್ಕಿಸುವುದು ಬಿಟ್ಟೆ. ನಮ್ಮವರು, "ಮದ್ವೆ ಆದ್ಮೇಲೆ ಇವತ್ತೇ ನೋಡು ಕಾಲು ಚಾಚಿ ಮಲಗಿದ್ದು" ಎಂದರು. ಇಷ್ಟು ದಿನ ಬಾಯಿ ಬಿಡಬಾರದಿತ್ತೇ ಮನುಷ್ಯ.

ಮಾರ್ಚ್ 17, ಬೆಳಗ್ಗೆ 11
ಟೀಚರ್ ತಾವಾಗಿಯೇ ನಮ್ಮ ನರ್ಸ್‌ಗಳ ಕೋಣೆಗೆ ಬಂದರು. ಮೈ ನಡುಗುತ್ತಿತ್ತು.

"ಸಿಸ್ಟರ್, ಅವತ್ತಿನ ಥರ ಮತ್ತೆ ಬರ್ತಾ ಇದೆ. ನಿಮ್ಮ ಹತ್ರ ಕೂರ್ತೀನಿ."

ಬೇರೆ ಯಾರ ಹತ್ತಿರವೂ ಅಲ್ಲ, ನನ್ನ ಹತ್ತಿರ. ಕುರ್ಚಿ ಎಳೆದು ಕೊಟ್ಟೆ. ಮುಟ್ಟಲಿಲ್ಲ.

"ನೀವು ಏನಾದ್ರೂ ಬರೀತಿರಿ. ಪರೀಕ್ಷೆ ಹಾಲ್ ಥರ ಪೆನ್ನಿನ ಸದ್ದು ಬರ್ಲಿ."

ಅದಕ್ಕೇ ಬರೆಯುತ್ತಿದ್ದೇನೆ. ಹೊಸ ನರ್ಸ್ ಇಣುಕಿ ಹೋದಳು. ಹನ್ನೊಂದೂಕಾಲು. ಹನ್ನೊಂದೂವರೆ. ನಡುಕ ಕಮ್ಮಿಯಾಗಿದೆ. ಮೇಜಿಗೆ ತಲೆ ಆನಿಸಿದ್ದಾರೆ. ಕಣ್ಣು ಮುಚ್ಚಿ ನಿದ್ದೆ ಹೋಗಿದ್ದಾರೆ. ಏನು ಬರೆಯುವುದೋ ತೋಚುತ್ತಿಲ್ಲ… ನಿಲ್ಲಿಸಿದರೆ ಎಚ್ಚರವಾದೀತು. ಇನ್ನೆರಡು ಸಾಲು. ಇನ್ನೊಂದು ಸಾಲು…