ನನ್ನ ದನಿಯ ಎರಡು ನಿಮಿಷ

ಚನ್ನರಾಯಪಟ್ಟಣ
ಕಾರ್ತಿಕ ಸೋಮವಾರ, ೧೭ ನವೆಂಬರ್ ೨೦೨೫

ಚಿ. ಸೌ. ಕವನಾಳಿಗೆ,

ಪತ್ರದ ಮೊದಲಿಗೆ ಹಿರಿಯರು ಆಶೀರ್ವಾದ ಬರೆಯುವುದು ವಾಡಿಕೆ. ಈ ಸಲ ಆ ಪದದ ಬಳಿ ಬಂದು ನನ್ನ ಲೇಖನಿ ನಿಂತಿತು. ಅದನ್ನು ಕೊಡುವ ಯೋಗ್ಯತೆ ನನ್ನಲ್ಲಿ ಉಳಿದಿದೆಯೆಂದು ನಂಬಿಕೆ ಬಂದ ದಿನ ಬರೆದೇನು. ಸದ್ಯಕ್ಕೆ ನೀನೂ ಹರ್ಷವರ್ಧನನೂ ಮಗು ದೀಪಶ್ರೀಯೂ ಕ್ಷೇಮವಾಗಿರಲೆಂದು ಭಗವಂತನಲ್ಲಿ ಬೇಡಿಕೊಂಡು ಮುಂದುವರಿಯುತ್ತೇನೆ.

ಫೋನಿನಲ್ಲಿಯೇ ಹೇಳಬಹುದಿತ್ತಲ್ಲ ಎನ್ನುವೆಯೇನೋ. ಫೋನು ಕಿವಿಗಿಟ್ಟೊಡನೆ ನಾನು ಅತ್ತೆಯಾಗಿಬಿಡುತ್ತೇನೆ. ಕಾಗದದ ಮೇಲಾದರೆ ಒಂದು ವಾಕ್ಯವನ್ನು ಬರೆದು, ದಿಟ್ಟಿಸಿ ನೋಡಿ, ಹೊಡೆದುಹಾಕಿ ಮತ್ತೆ ಬರೆಯಬಹುದು. ಈ ಪುಟಕ್ಕೆ ಮುಂಚೆ ಹರಿದ ಪುಟಗಳು ಮೂರು.

ಶ್ರಾವಣದ ವರಮಹಾಲಕ್ಷ್ಮಿ ಹಬ್ಬದ ಬೆಳಗ್ಗೆ ನಾನು ಆಡಿದ ಮಾತನ್ನು ನೀನು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಹರ್ಷನಿಗೆ ಕೇಳಿಸಿದೆ. ಹನ್ನೊಂದು ವರ್ಷಗಳಿಂದ ನೀನು ದೂರಿದಾಗಲೆಲ್ಲ ‘ನಮ್ಮಮ್ಮ ಹಂಗನ್ನೋಳಲ್ಲ’ ಎಂದೇ ಹೇಳುತ್ತಿದ್ದವನು ಅಂದು ಆ ಮುದ್ರಿಕೆಯನ್ನು ನನ್ನ ಫೋನಿಗೆ ಕಳುಹಿಸಿದ. ಮಾಸ ಕಳೆಯುವುದರೊಳಗೆ ಹಾಸನದಲ್ಲಿ ಬಾಡಿಗೆಯ ಮನೆ ಹಿಡಿದ. ಮಗುವನ್ನು ನೋಡಬೇಕಾದರೆ ಭಾನುವಾರ ಕರಾಟೆ ತರಗತಿಗೆ ಬಂದು ನೋಡು, ಮನೆಗೆ ಬರುವುದು ಬೇಡ ಎಂದ.

ನಾನು ಅದನ್ನು ತೆರೆದು ಕೇಳಲಿಲ್ಲ. ಕೇಳದೆಯೇ ಕೋಪಗೊಂಡೆ. ನಾಲ್ಕು ಪುಟಗಳ ದೂರನ್ನು ಬರೆದೆ. ಮೂವತ್ತಾರು ವರ್ಷ ಕನ್ನಡವನ್ನು ಬೋಧಿಸಿದವಳ ಭಾಷೆ; ನಿನ್ನ ಹೆಸರಿನ ಹಿಂದೆ ‘ವಿಶ್ವಾಸಘಾತಕಿ’ ಎಂಬ ವಿಶೇಷಣವನ್ನೂ ಸೇರಿಸಿದ್ದೆ. ಅದನ್ನು ಹಿಡಿದು ಇಲ್ಲಿಯ ವಕೀಲ ಕೀರ್ತಿರಾಜನ ಕಚೇರಿಗೆ ಹೋದೆ. ಆತ ನನ್ನಲ್ಲಿ ಪ್ರೌಢಶಾಲೆಯಲ್ಲಿ ಓದಿದವನು. ಒಪ್ಪಿಗೆಯಿಲ್ಲದೆ ಒಬ್ಬರ ಮಾತನ್ನು ಹೀಗೆ ಹಿಡಿದಿಡುವುದು ಅಪರಾಧವಲ್ಲವೇ, ಈ ಹೆಣ್ಣಿಗೆ ಕಾನೂನು ಏನು ಮಾಡುತ್ತದೆ ಎಂದು ಕೇಳಿದೆ.

ಆತ ದೂರನ್ನು ಪೂರ್ತಿ ಓದಿ ಮಡಿಸಿಟ್ಟ. ‘ಮಿಸ್, ಬೇರೆ ಇಬ್ರು ಆಡ್ತಿರೋ ಮಾತ ಮೂರನೇಯೋರು ಕದ್ದು ಹಿಡುದ್ರೆ ಅದು ಬೇರೆ. ಇಲ್ಲಿ ಮಾತಾಡಿರೋದು ನೀವಿಬ್ರೇ. ಅವರ ಕಿವಿಗೇ ಬಿದ್ದ ಮಾತ ಅವರು ಇಟ್ಕಂಡವ್ರೆ. ಖಾಸಗಿತನ ಅಂತ ವಾದ ಮಾಡ್ಬೋದು, ಆದ್ರೆ ಅದು ಅಪರಾಧ ಅಂತ ನಿಲ್ಸೋದು ಕಷ್ಟ. ಊರಿಗೆಲ್ಲ ಹಂಚಿದ್ರೆ ಬೇರೆ ಪ್ರಶ್ನೆ ಏಳ್ತದೆ. ಅವರು ಗಂಡನಿಗೆ ಬುಟ್ರೆ ಇನ್ಯಾರಿಗೂ ಕೇಳ್ಸಿಲ್ವಲ್ಲ’ ಎಂದ. ಆಮೇಲೆ ಮೆಲ್ಲಗೆ, ‘ಅದರಲ್ಲಿ ಏನೈತೆ ಮಿಸ್’ ಎಂದು ಕೇಳಿದ.

ನನಗೆ ಗೊತ್ತಿಲ್ಲವೆಂದೆ. ಆತ ಗುಮಾಸ್ತನನ್ನು ಹೊರಗೆ ಕಳುಹಿಸಿ, ನನ್ನ ಫೋನನ್ನು ಮೇಜಿನ ಮೇಲಿಟ್ಟು ಒತ್ತಿದ.

ಕೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಅದು ನಿನಗೆ ಗೊತ್ತಿರುವುದೇ. ಆದರೆ ನನ್ನ ಕೈಯ ಅಕ್ಷರದಲ್ಲಿ ಒಮ್ಮೆ ಇರಬೇಕು. ‘ಹೂವಿನ ತಟ್ಟೆ ಹೊಸ್ಲತ್ರನೇ ಮಡಗ್ಬುಡವ್ವ ಕವನಾ. ಒಳೀಕೆ ಬರಬ್ಯಾಡ. ನಮ್ಮನೆ ದೇವ್ರು ಬಲು ಮಡಿ ಕಣವ್ವ, ನಿಂಗೆ ಗೊತ್ತಲ್ಲ. ಬ್ಯಾಸ್ರ ಮಾಡ್ಕಬ್ಯಾಡ. ಅರಿಸಿನ ಕುಂಕುಮಕ್ಕೆ ಬಂದೋರು ನಿಮ್ಮಪ್ಪನ ಮನೆ ಎಲ್ಲಿ ಅಂದ್ರೆ ಹೊಳೆನರಸೀಪುರ ಅಂದ್ಬುಡು. ಕೇರಿ ಗೀರಿ ಅನ್ನೋದೆಲ್ಲ ಯಾಕೆ.’

‘ಆಯ್ತು ಅತ್ತೆ’ ಎಂದು ನೀನು.

ಅನಂತರ ಮಗುವಿನ ದನಿ: ‘ನಾನೂ ಒಳಗೆ ಬರಬಾರದಾ ಅಜ್ಜಿ?’

‘ನೀ ನಮ್ಮನೆ ಕೂಸು ಕಣೆ. ನೀ ಬಾ.’

ತಟ್ಟೆಯನ್ನು ನೆಲಕ್ಕಿಡುವಾಗ ನಿನ್ನ ಬಳೆಗಳು ಸದ್ದು ಮಾಡಿದವು. ಅಲ್ಲಿಗೆ ಮುಗಿಯಿತು. ಎಲ್ಲ ಸೇರಿ ಎರಡು ನಿಮಿಷವೂ ಇಲ್ಲ.

ಕವನಾ, ಸೊಸೆಯ ಮೇಲೆ ಒಮ್ಮೆಯೂ ದನಿಯೇರಿಸಿದವಳಲ್ಲವೆಂಬ ಹೆಮ್ಮೆಯಿಂದ ನಾನು ಇಷ್ಟು ಕಾಲ ಬದುಕಿದೆ. ಆ ಹೆಮ್ಮೆ ನಿಜವೇ. ಮುದ್ರಿಕೆಯಲ್ಲಿಯೂ ನನ್ನ ದನಿ ಬಹಳ ಮೃದುವಾಗಿತ್ತು. ಬೈದಿದ್ದರೆ ನೀನು ತಿರುಗಿ ಬೈಯಬಹುದಿತ್ತು, ಜಗಳವಾಡಬಹುದಿತ್ತು. ಅಷ್ಟು ಅಕ್ಕರೆಯಿಂದ ಹೇಳಿದ ಮಾತಿಗೆ ‘ಆಯ್ತು ಅತ್ತೆ’ ಎನ್ನುವುದರ ಹೊರತು ನಿನಗೆ ನಾನು ಬೇರೆ ದಾರಿಯನ್ನೇ ಉಳಿಸಿರಲಿಲ್ಲ. ತಾಯಿಯನ್ನು ಹೊರಗೆ ನಿಲ್ಲಿಸಿ ಮಗಳನ್ನು ಒಳಗೆ ಕರೆಯುವಾಗ ಆ ಮಗು ಏನನ್ನು ಕಲಿಯುತ್ತದೆಂದು, ನೂರಾರು ಮಕ್ಕಳಿಗೆ ಪಾಠ ಹೇಳಿದ ನಾನು ಯೋಚಿಸಲಿಲ್ಲ.

ಕೀರ್ತಿರಾಜ ಫೋನನ್ನು ನನ್ನ ಕಡೆಗೆ ಸರಿಸಿ, ‘ಮಿಸ್, ಇದು ಕೋರ್ಟಿಗೆ ಬಂದ್ರೆ ತಲೆ ತಗ್ಸೋರು ಅವರಲ್ಲ’ ಎಂದ. ನಾಲ್ಕು ಪುಟಗಳ ದೂರನ್ನು ನಾನೇ ಹರಿದು ಆತನ ಕಸದ ಬುಟ್ಟಿಗೆ ಹಾಕಿ ಬಂದೆ.

ಆ ಬಳಿಕವೂ ಪ್ರತಿ ಭಾನುವಾರ ಬೆಳಗಿನ ಬಸ್ಸು ಹಿಡಿದು ಹಾಸನಕ್ಕೆ ಬರುತ್ತಿದ್ದೆ. ನಿನಗೆ ಆಸ್ಪತ್ರೆಯಲ್ಲಿ ಭಾನುವಾರದ ಡ್ಯೂಟಿ. ದೀಪುವನ್ನು ಕರೆತರುತ್ತಿದ್ದವರು ನಿನ್ನ ತಾಯಿ ಹೊನ್ನಕ್ಕನವರು. ಸಭಾಂಗಣದ ಒಂದು ಮೂಲೆಯ ಕುರ್ಚಿಯಲ್ಲಿ ಅವರು, ಇನ್ನೊಂದು ಮೂಲೆಯ ಕುರ್ಚಿಯಲ್ಲಿ ನಾನು. ಹನ್ನೊಂದು ವರ್ಷ ಬೀಗಿತ್ತಿಯರಾಗಿದ್ದೂ ನಾವು ಒಬ್ಬರ ಕೈಯನ್ನೊಬ್ಬರು ಮುಟ್ಟಿದವರಲ್ಲ. ನಿಮ್ಮ ಮದುವೆಯ ದಿನ ಅವರು ಕೊಟ್ಟ ತಾಂಬೂಲವನ್ನೂ ನಾನು ತಟ್ಟೆಯಲ್ಲಿ ಇಡಿಸಿಕೊಂಡಿದ್ದೆ. ಅವರಿಗೆ ಅದು ನೆನಪಿದೆ. ನಿನ್ನೆ ಅವರೇ ಹೇಳಿದರು.

ನಿನ್ನೆ ಭಾನುವಾರ ಕರಾಟೆ ಗುರುಗಳಾದ ಸ್ನೇಹಲತಾ, ಮಕ್ಕಳನ್ನು ಕರೆತರುವ ತಾಯಂದಿರಿಗೂ ಅಜ್ಜಿಯರಿಗೂ ಆತ್ಮರಕ್ಷಣೆಯ ತರಗತಿಯನ್ನು ತೆರೆದರು. ಒಂದು ದಿನ ಮಾಡಿ ನೋಡಿ, ಒಗ್ಗದಿದ್ದರೆ ಬಿಡಿ ಎಂದರು. ಆಕೆ ಇಪ್ಪತ್ತಾರರ ಹುಡುಗಿ; ಅರವತ್ತೆಂಟರ ನಾನು ಅವಳೆದುರು ಸೆರಗನ್ನು ಸೊಂಟಕ್ಕೆ ಬಿಗಿದು ನಿಂತು ತಲೆಬಾಗಿದೆ. ಮೊದಲು ಎದುರಿನವರಿಗೆ ನಮಸ್ಕಾರ, ಅನಂತರವೇ ಕೈ ಮುಟ್ಟುವುದು ಅವರ ಕ್ರಮ. ಆ ಕ್ರಮ ನನಗೆ ಮೆಚ್ಚುಗೆಯಾಯಿತು. ಜೋಡಿ ಮಾಡುತ್ತ ಬಂದವಳು ಉಳಿದಿದ್ದ ನಮ್ಮಿಬ್ಬರನ್ನು ಎದುರುಬದುರು ನಿಲ್ಲಿಸಿದಳು. ಒಬ್ಬರು ಮಣಿಕಟ್ಟನ್ನು ಹಿಡಿಯಬೇಕು, ಇನ್ನೊಬ್ಬರು ಬಿಡಿಸಿಕೊಳ್ಳಬೇಕು.

ಹೊನ್ನಕ್ಕ ಕೈ ಚಾಚಿ ಅರ್ಧಕ್ಕೇ ನಿಲ್ಲಿಸಿದರು. ‘ಇಡ್ಕಳ್ಳಾ ಮೇಡಮ್ಮೋರೆ? ಮಡಿ ಗಿಡಿ ಕೆಟ್ಟೋಯ್ತು ಅಂತ ಆಮ್ಯಾಕೆ ನನ್ನ ಕೇಳಬ್ಯಾಡಿ’ ಎಂದರು. ಸುತ್ತಲಿನವರು ನಕ್ಕರು. ನಾನು ನಗಲಾರದೆ, ಹಿಡಿಯಿರಿ ಎಂದೆ.

ಅವರು ಹಿಡಿದರು. ಅಂಗನವಾಡಿಯಲ್ಲಿ ಊರ ಮಕ್ಕಳನ್ನೆಲ್ಲ ಎತ್ತಿ ಆಡಿಸಿದ ಕೈ ಅದು, ಬಿಸಿಯಾಗಿತ್ತು, ಬಲವಾಗಿತ್ತು. ನಾನು ಹಿಂದಕ್ಕೆ ಎಳೆದಷ್ಟೂ ಬಿಗಿಯಾಯಿತು. ‘ಹಿಂದಕ್ಕೆ ಎಳೀಬೇಡಿ ಅಜ್ಜಿ, ಹೆಬ್ಬೆರಳಿನ ಕಡೆ ತಿರುಗ್ಸಿ, ಹಿಡಿತ ಸಡಿಲ ಇರೋದು ಅಲ್ಲಿ. ಬಾಯಿಬಿಟ್ಟು ಬೇಡ ಅನ್ನಿ’ ಎಂದಳು ಸ್ನೇಹಲತಾ. ನಾನು ‘ಬೇಡ’ ಎಂದೆ. ದೂರದಿಂದ ದೀಪು, ‘ಅಜ್ಜಿ, ನೀನು ಕಾಫಿ ಬೇಡ ಅಂದಂಗೆ ಅಂತೀಯ’ ಎಂದಳು.

ಸರದಿ ಬದಲಾಯಿತು. ನಾನು ಹಿಡಿದೊಡನೆ ಹೊನ್ನಕ್ಕ ‘ಬ್ಯಾಡ, ಬುಡು’ ಎಂದು ಕೂಗಿದ ರಭಸಕ್ಕೆ ಮಕ್ಕಳೆಲ್ಲ ಆಟ ನಿಲ್ಲಿಸಿ ತಿರುಗಿ ನೋಡಿದರು. ನನ್ನ ಕೈ ತಾನಾಗಿ ಬಿಟ್ಟಿತು. ಆ ಕ್ಷಣದಲ್ಲಿ ನನಗೆ ನೀನು ನೆನಪಾದೆ. ಈ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವಳು ನಮ್ಮ ಮನೆಗೆ ಬಂದ ಮೇಲೆ ಹನ್ನೊಂದು ವರ್ಷ ‘ಆಯ್ತು’ ಎಂಬ ಒಂದೇ ಮಾತಿನಲ್ಲಿ ಬದುಕಿದಳಲ್ಲ ಎನಿಸಿತು. ನನ್ನ ಮಾತನ್ನು ಮುದ್ರಿಸಿಕೊಂಡದ್ದೇ ನಿನ್ನ ‘ಬೇಡ’ ಎಂದು ನನಗೆ ಅರ್ಥವಾಯಿತು.

ಒಗ್ಗಿತೇ ಎಂದು ಸ್ನೇಹಲತಾ ಕೇಳಿದಳು. ನಾವಿಬ್ಬರೂ ಹೆಸರು ಬರೆಸಿದೆವು. ಹೊರಗೆ ಬಂದು ಒಂದೇ ಕಲ್ಲುಬೆಂಚಿನ ಮೇಲೆ ಕುಳಿತು ಚಹಾ ಕುಡಿದೆವು; ಮಣಿಕಟ್ಟು ನೋವೇ ಎಂದು ಅವರು ಕೇಳಿದರು. ಹೌದೆಂದಾಗ, ‘ನೋಯ್ಲಿ ಬುಡಿ, ವಸಿ ದಿನ’ ಎಂದರು. ನಿನಗೆ ತಾವಾಗಿ ಏನೂ ಹೇಳುವುದಿಲ್ಲವೆಂದೂ, ಹೇಳುವುದಿದ್ದರೆ ನಾನೇ ಹೇಳಬೇಕೆಂದೂ ಖಡಾಖಂಡಿತವಾಗಿ ನುಡಿದರು.

ಆದುದರಿಂದ ಈ ಪತ್ರ. ಮುದ್ರಿಕೆಯನ್ನು ಅಳಿಸೆಂದು ನಾನು ಕೇಳುವುದಿಲ್ಲ. ಇಟ್ಟುಕೋ. ದೀಪು ದೊಡ್ಡವಳಾಗಿ ಕೇಳಿದರೆ ಕೇಳಿಸು. ನನ್ನ ದೇವರಮನೆಗೆ ಬಾ ಎಂದು ನಿನ್ನನ್ನು ಕರೆಯುವ ಧೈರ್ಯವೂ ಇಲ್ಲ. ಕರೆದರೆ ಅದೊಂದು ದಾನದಂತೆ ಕೇಳಿಸೀತು. ನಾನು ಪೂಜಿಸುವ ಭಗವಂತ ಅಷ್ಟು ಅಂಜುಬುರುಕನಲ್ಲವೆಂದು ಈ ವಯಸ್ಸಿನಲ್ಲಿ ತಿಳಿದೆನಲ್ಲ, ಅಷ್ಟು ಸಾಕು. ನನ್ನ ನಡೆಯಲ್ಲಿ ಪ್ರಮಾದವಿತ್ತು, ನನ್ನ ವಿವೇಕಕ್ಕೆ ಮಸುಕು ಕವಿದಿತ್ತು, ನಿನ್ನ ಅಂತಃಕರಣಕ್ಕೆ ಘಾಸಿಯಾಯಿತು ಎಂಬುದನ್ನು ಮನಗಂಡಿದ್ದೇನೆ.

ಕೇಳುವುದು ಇಷ್ಟೇ. ನಿನಗೆ ಡ್ಯೂಟಿ ಇಲ್ಲದ ಒಂದು ಭಾನುವಾರ, ತರಗತಿ ಮುಗಿದ ಮೇಲೆ ದೀಪುವಿನೊಡನೆ ನಿನ್ನ ಮನೆಗೆ ಬರಬಹುದೇ? ನೀನು ಮಾಡಿದ ಊಟವನ್ನು ನಿನ್ನ ಕೈಯಿಂದಲೇ ಬಡಿಸಿಕೊಂಡು ಉಣ್ಣಬೇಕೆಂಬ ಆಸೆಯಿದೆ. ಬೇಡವೆನಿಸಿದರೆ ಬೇಡವೆನ್ನು, ನಿನ್ನ ತಾಯಿಯಂತೆ ಗಟ್ಟಿಯಾಗಿಯೇ ಅನ್ನು. ನಾನು ಮುಂದಿನ ಭಾನುವಾರವೂ ಬರುತ್ತೇನೆ, ಅದರ ಮುಂದಿನ ಭಾನುವಾರವೂ ಬರುತ್ತೇನೆ.

ನಿನ್ನ ಉತ್ತರದ ದಾರಿ ಕಾಯುವ,
ನಿನ್ನ ಅತ್ತೆ
ದೊಡ್ಡತಾಯಮ್ಮ

ತಾ. ಕ.: ಇದನ್ನು ಬರೆಯುತ್ತಿರುವುದು ೨೩ರ ಭಾನುವಾರ, ತರಗತಿಯ ಹೊರಗಿನ ಕಲ್ಲುಬೆಂಚಿನಲ್ಲಿ. ಅಂಚೆಗೆ ಹಾಕುವ ಬದಲು ಪತ್ರವನ್ನು ನಿನ್ನ ತಾಯಿಯ ಕೈಗೇ ಕೊಟ್ಟೆ. ಕನ್ನಡಕ ತಂದಿಲ್ಲ, ನೀವೇ ಓದಿ ಎಂದರು. ಮೊದಲಿನಿಂದ ಕೊನೆಯವರೆಗೆ ಓದಿದೆ. ದೂರಿನ ಸಂಗತಿ ಬಂದಾಗ ಬೇರೆ ಕಡೆ ನೋಡಿದರು. ತಮ್ಮ ಕೂಗಿನ ಸಂಗತಿ ಬಂದಾಗ ನಕ್ಕರು. ಎಲ್ಲ ಮುಗಿದ ಮೇಲೆ, ‘ಚೆಂದಾಗಿ ಬರ್ದಿದ್ದೀರಿ ಬೀಗರೆ. ಪ್ರಮಾದ ಅಂದ್ರಿ, ಮಸುಕು ಅಂದ್ರಿ, ಘಾಸಿ ಅಂದ್ರಿ. ತಪ್ಪಾಯ್ತು ಅನ್ನೋದು ಮಾತ್ರ ಎಲ್ಲೂ ಇಲ್ವಲ್ಲ’ ಎಂದರು. ಮತ್ತೆ ಹುಡುಕಿ ನೋಡಿದೆ. ಇರಲಿಲ್ಲ.

ತಪ್ಪಾಯ್ತು ಕಣವ್ವ.