ಶೆಡ್ಡಿನ ಹಿಂದಿನ ಪೈಪು

ನವಿ ಪೇಠ, ಸೊಲ್ಲಾಪುರ
೯ ಮಾರ್ಚ್ ೧೯೭೭

ಪ್ರೀತಿಯ ಯಜಮಾನರಿಗೆ ಕಸ್ತೂರಿಯ ನಮಸ್ಕಾರಗಳು.

ಬೆನ್ನಿನ ಎರಡನೆಯ ಆಪರೇಷನ್ನಿನ ಹೊಲಿಗೆ ಬಿಚ್ಚಿದರೋ ಇಲ್ಲವೋ? ಮಿರಜಿನ ದವಾಖಾನೆಯ ಊಟ ಸಪ್ಪೆಯೆಂದು ಬರೆದಿದ್ದಿರಿ. ಶೇಂಗಾ ಚಟ್ನಿ ಕಳಿಸಿದ್ದೇನೆ, ಡಾಕ್ಟರು ಬೇಡವೆಂದರೆ ತಿನ್ನಬೇಡಿ. ಇಲ್ಲಿ ಎಲ್ಲರೂ ಕ್ಷೇಮ. ನಿಮಗೆ ವ್ಯಾಪಾರದ ಚಿಂತೆ ಹಚ್ಚಬಾರದೆಂದು ಮೈದುನ ಬಸಣ್ಣ ತಾಕೀತು ಮಾಡಿದ್ದಾನೆ. ಇಷ್ಟು ದಿನ ಸುಮ್ಮನಿದ್ದೆ. ಇನ್ನು ಆಗುವುದಿಲ್ಲ.

ದಸರೆಯ ಹೊತ್ತಿಗೆ ನೀವು ಹೋದ ಮೇಲೆ ಅಕ್ಕಲಕೋಟ ರಸ್ತೆಯ ನಮ್ಮ ಬಣ್ಣದ ಶೆಡ್ಡಿಗೆ ನೀರಿನ ಮಂಡಳಿಯಿಂದ ನೋಟಿಸು ಬಂತು. ನೂಲಿಗೆ ಬಣ್ಣ ಹಾಕಿದ ನೀರನ್ನು ಹಾಗೇ ಹಳ್ಳಕ್ಕೆ ಬಿಡಬಾರದು. ಹೊಂಡ ಕಟ್ಟಿ, ಸುಣ್ಣ ಹಾಕಿ, ತಿಳಿಯಾದ ಮೇಲೆ ಬಿಡಬೇಕು ಎಂದಿತ್ತು. ಶೆಡ್ಡು ನನ್ನ ಹೆಸರಿನಲ್ಲಿದೆಯಲ್ಲ, ನೋಟಿಸೂ ನನ್ನ ಹೆಸರಿಗೇ. ಬಸಣ್ಣ ಹೊಂಡ ಕಟ್ಟಿಸಿದ. ಮಂಡಳಿಯ ಸಾಹೇಬರು ಬಂದು ಬಾಟಲಿಯಲ್ಲಿ ಹೊಂಡದ ನೀರು ತುಂಬಿಕೊಂಡು ಹೋದರು. ಎಲ್ಲ ಸರಿಯಿದೆಯೆಂಬ ಕಾಗದ ಬಂತು. ಬಸಣ್ಣ ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ.

ಹೋದ ಸೋಮವಾರ ಹಣಮವ್ವ ಅಂಗಡಿಗೆ ಬಂದಿದ್ದಳು. ಹಳ್ಳದ ಕೆಳಗೆ ಕುರಿ ಕಾಯುವವಳು, ನಿಮಗೆ ಕಂಬಳಿ ತಂದುಕೊಟ್ಟವಳು. ಅವಳ ನಾಲ್ಕು ಕುರಿ ಸತ್ತಿವೆ. ಹಳ್ಳದ ನೀರು ಇನ್ನೂ ಕೆಂಪಗೇ ಬರುತ್ತಿದೆಯಂತೆ. ಬಸಣ್ಣ ಕಟ್ಟು ಹಾಕಿಸಿದ ಕಾಗದವನ್ನು ನಾನೇ ತೋರಿಸಿ ಜೋರು ಮಾಡಿದೆ, ಬೇರೆ ಯಾರದೋ ಶೆಡ್ಡಿನ ನೀರಿರಬೇಕು ಎಂದೆ. ಅವಳು ಸಿಟ್ಟಾಗಲಿಲ್ಲ.

“ಕಾಗದ ಓದಾಕ ನನಗ ಬರಂಗಿಲ್ಲ ಅಕ್ಕಾರ. ನೀವ ಒಮ್ಮೆ ಬಂದು ನೋಡ್ರಿ,” ಎಂದಳು.

ಹೋದೆ. ಹೊಂಡದಲ್ಲಿ ಇದ್ದುದು ಬಾವಿಯ ನೀರು, ತಳ ಕಾಣುವಷ್ಟು ತಿಳಿ. ಶೆಡ್ಡಿನ ಹಿಂದೆ, ಜಾಲಿಯ ಮರೆಯಲ್ಲಿ, ಮೇಲೆ ಮಣ್ಣು ಮುಚ್ಚಿದ ಒಂದು ಪೈಪು. ಅದರಿಂದ ಕೆಂಪು ನೀರು ನೊರೆ ನೊರೆಯಾಗಿ ಹಳ್ಳಕ್ಕೆ ಬೀಳುತ್ತಿತ್ತು. ಕೇಳಿದರೆ ಬಸಣ್ಣ ನಕ್ಕ. “ವೈನಿ, ಎಲ್ಲಾರೂ ಹಿಂಗ ಮಾಡ್ತಾರ. ಎರಡೆರಡು ದಿನ ನೀರು ನಿಲ್ಲಿಸಿದ್ರ ಮಾಲು ಯಾವಾಗ ಹೊಂಡೋದು?” ಅತ್ತೆಯವರಿಗೆ ಹೇಳಿದರೆ ಗಂಡಸರ ವ್ಯವಹಾರದಲ್ಲಿ ನಿನಗೇನು ಕೆಲಸ ಎಂದರು. ಹೊಂಡ ಸರಿಯಾಗಿ ನಡೆಯುತ್ತಿದೆಯೆಂದು ಪ್ರತಿ ತಿಂಗಳೂ ಮಂಡಳಿಗೆ ಬರೆದುಕೊಡುವ ಮರಾಠಿ ಕಾಗದದ ಮೇಲೆ ಸಹಿ ಮಾತ್ರ ನನ್ನದು! ಬಸಣ್ಣ ಬೆರಳಿಟ್ಟು ತೋರಿಸಿದಲ್ಲಿ ಮಾಡುತ್ತ ಬಂದಿದ್ದೇನೆ. ಮರಾಠಿ ಓದಲು ಬರುತ್ತದೆ ನನಗೆ, ಓದಿರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಲಿ?

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಮಗಳು ನೀಲಗಂಗಾ ದಿನಾ ನಿಮ್ಮನ್ನು ಕೇಳುತ್ತಾಳೆ. ಬಗ್ಗಿ ಏನನ್ನೂ ಎತ್ತಬೇಡಿ.

ನಿಮ್ಮ
ಕಸ್ತೂರಬಾಯಿ

ತಾ.ಕ.: ಅಂಚೆಯ ಹೊತ್ತಾಯಿತು. ಈ ತಿಂಗಳ ಕಾಗದಕ್ಕೆ ನಾನು ಸಹಿ ಮಾಡಲಿಲ್ಲ. ಪೈಪಿನ ಸಂಗತಿಯನ್ನು ನಾನೇ ಬರೆದು ನಿನ್ನೆ ಮಂಡಳಿಯ ಸಾಹೇಬರ ಕೈಗೆ ಕೊಟ್ಟೆ. ಖಟ್ಲೆ ಆದರೆ ನನ್ನ ಮೇಲೇ ಆಗುತ್ತದೆ ಎಂದರು. ಆಗಲಿ ಎಂದೆ. ಇವತ್ತು ಗೌಂಡಿ ಬಂಡೆಪ್ಪನಿಂದ ಪೈಪಿನ ಬಾಯಿಗೆ ಸಿಮೆಂಟು ಹಾಕಿಸಿ ಶೆಡ್ಡಿಗೆ ಬೀಗ ಹಾಕಿದ್ದೇನೆ. ವೈನಿಗೆ ತಲೆ ಕೆಟ್ಟಿದೆಯೆಂದು ಬಸಣ್ಣ ನಿಮಗೆ ತಂತಿ ಕಳಿಸಿಯೇ ಕಳಿಸುತ್ತಾನೆ. ಬೀಗ ತೆಗೆ ಎಂದು ನೀವು ಬರೆದರೂ ತೆಗೆಯುವುದಿಲ್ಲ. ತೆಗೆಯಬೇಡ ಎಂದು ಬರೆದರೆ ಮಾತ್ರ ಅತ್ತೆಯವರಿಗೆ ಓದಿ ಹೇಳುತ್ತೇನೆ. ಬೇಗ ಬರೆಯಿರಿ, ಮನೆಯಲ್ಲಿ ಯಾರೂ ನನ್ನೊಡನೆ ಮಾತಾಡುತ್ತಿಲ್ಲ.