ಮೂರನೇ ಅಧ್ಯಾಯದಲ್ಲಿ ನನ್ನ ಸಾವು

ಹರಿಹರ
೧೨-೭-೨೦೨೫, ಶನಿವಾರ

ಪ್ರೀತಿಯ ಮೊಮ್ಮಗಳು ಸಬಾ ಬೇಟಿಗೆ ದಾದಿಯ ದುವಾ.

ಕೆಮ್ಮು ಕಡಿಮೆಯಾಯಿತೇ? ವಿದ್ಯಾನಗರದ ಆ ಹಾಸ್ಟೆಲಿನಲ್ಲಿ ಬಿಸಿನೀರು ಕೊಡುತ್ತಾರೋ ಇಲ್ಲವೋ. ನಾನು ಚೆನ್ನಾಗಿದ್ದೇನೆ, ನಿನ್ನ ಕಾದಂಬರಿಯಲ್ಲಿ ಸತ್ತಿದ್ದರೂ. ಇಷ್ಟು ಹತ್ತಿರದ ದಾವಣಗೆರೆಗೆ, ಅದೂ ಬಸ್ಸಿನವರ ಕೈಯಲ್ಲಿ, ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಿ ಬೈಯಲು ಹೋದರೆ ನೀನು ನಗಿಸಿಬಿಡುತ್ತೀಯ.

ನೀನು ತಿದ್ದಿ ಕಳಿಸಿದ ಪ್ರತಿ ಓದಿದೆ. ಮೊದಲು ಬರೆದಾಗ ಏನಿತ್ತು? ನಿನ್ನ ದಾದಾ ತೀರಿಕೊಂಡು, ಹೊಸ್ತಿಲು ದಾಟದೆ ಕೂರುವ ನನ್ನ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಮುಗಿದ ಮರುದಿನವೇ ನಾನು ಮಂಡಕ್ಕಿ ಭಟ್ಟಿಯ ಮುಂದೆ ಕೂತದ್ದು ಇತ್ತು. ಹೆಂಗಸರು ಭಟ್ಟಿ ಹಚ್ಚುವುದುಂಟೇ ಎಂದವರ ಎದುರೇ ಜರಡಿ ಹಿಡಿದದ್ದು ಇತ್ತು. ಈಗ ನೋಡಿದರೆ ಹೊಗೆ ಕುಡಿದು ಮೂರನೇ ಅಧ್ಯಾಯದಲ್ಲಿ ಸಾಯುತ್ತೇನೆ, ಭಟ್ಟಿಯನ್ನು ಮಗ ನಡೆಸುತ್ತಾನೆ. ಆಗ ನಿನ್ನ ಅಪ್ಪನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಆ ಹೆಂಗಸು ಸತ್ತರೆ ಓದುಗರು ಅಳುತ್ತಾರೆ, ಹೊಸಬರ ಪುಸ್ತಕ ಹಾಗಿದ್ದರೇ ಓಡುತ್ತದೆ ಎಂದು ಪ್ರಕಾಶಕರು ಹೇಳಿದರಂತೆ. ಅವರು ಹೇಳಲಿ, ನೀನು ಹೂಂ ಎಂದದ್ದು ಯಾಕೆ? ಅಚ್ಚಾಗುವ ಆಸೆಗೆ ಬದುಕಿರುವವಳನ್ನು ಹೂಳುತ್ತಾರೆಯೇ? ನನಗೆ ಸಿಟ್ಟು ಬಂದಿದೆ, ನೋವೂ ಆಗಿದೆ.

ಕಾದಂಬರಿ ಬರೆಯುವುದು ನನಗೆ ಗೊತ್ತಿಲ್ಲ. ಅಕ್ಕಿ ಸುರಿಯುವ ಮೊದಲು ನಾಲ್ಕು ಕಾಳು ಹಾಕಿ ಮರಳು ಕಾದಿದೆಯೇ ಎಂದು ನೋಡುವುದು ಗೊತ್ತು. ನೀನು ನಾಲ್ಕು ಜನರಿಗೆ ಓದಿಸಲೂ ಇಲ್ಲ. ಒಬ್ಬರ ಮಾತು ಕೇಳಿ, ಕಳೆದ ಸಲ ಬಂದಾಗ ಮೊದಲು ಬರೆದ ನೋಟ್‌ಬುಕ್ಕನ್ನೇ ರದ್ದಿಗೆ ಹಾಕಿಹೋದೆ. ನಮ್ಮ ಅಂಗಡಿಯಲ್ಲಿ ಕೂರುವ ಲಾಲ್ ಸಾಬ್ ಅದರ ಹಾಳೆ ಹರಿದು ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಕೊಟ್ಟಿದ್ದಾನೆ. ಮರುದಿನ ಆಟೋ ಓಡಿಸುವ ನಿಂಗರಾಜು ಬಂದು, "ಹಜೀರಮ್ಮಾ, ಮುಂದಿನ ಹಾಳೆ ಐತೇನ್ರಿ? ಆಯಮ್ಮ ಭಟ್ಟಿ ಮುಂದ ಕುಂತ್ಲೋ ಇಲ್ಲೋ?" ಎಂದು ಕೇಳಿದಾಗಲೇ ನನಗೆ ತಿಳಿದದ್ದು. ಉಳಿದಿದ್ದ ನೋಟ್‌ಬುಕ್ಕಿನಿಂದ ಅವನಿಗೆ ಆ ಮುಂದಿನ ಹಾಳೆ ಕೊಟ್ಟು, ಲಾಲ್ ಸಾಬನಿಗೆ ಬೈದು, ಹೋದ ಹಾಳೆಗಳನ್ನೆಲ್ಲ ಮನೆಮನೆ ತಿರುಗಿ ತಂದೆ. ಎಣ್ಣೆ ಹತ್ತಿದೆ, ಅಕ್ಷರ ಹೋಗಿಲ್ಲ. ಒಬ್ಬರೂ ಓದದೆ ವಾಪಸ್ ಕೊಡಲಿಲ್ಲ.

ಸೋಮವಾರ ತಿದ್ದಿದ ಪ್ರತಿಯನ್ನು ಪ್ರಕಾಶಕರಿಗೆ ಕಳಿಸುತ್ತೇನೆ ಎಂದಿದ್ದೀಯ. ಕಳಿಸಬೇಡ. ಬೇರೆಯವರನ್ನು ಹುಡುಕು, ತಡವಾದರೆ ಆಗಲಿ. ಹೊತ್ತಿಗೆ ಸರಿಯಾಗಿ ಉಣ್ಣು. ಅಲ್ಲಾಹ್ ನಿನ್ನ ಕೈಗೆ ಧೈರ್ಯ ಕೊಡಲಿ.

ಇನ್ನೂ ಬದುಕಿರುವ ನಿನ್ನ ದಾದಿ,
ಹಜೀರಾಬೀ

ತಾ.ಕ.: ನಿಂಗರಾಜು ಒಯ್ದ ಹಾಳೆ ಮಾತ್ರ ವಾಪಸ್ ಬಂದಿಲ್ಲ, ನಾನು ಜರಡಿ ಹಿಡಿಯುವ ಹಾಳೆ ಅದು. ಅವನ ತಂಗಿ ಮರಿಯವ್ವ ಇಟ್ಟುಕೊಂಡಿದ್ದಾಳೆ. ಗಂಡ ತೀರಿಹೋದಾಗಿನಿಂದ ಅವಳು ಹೊಸ್ತಿಲು ದಾಟಿರಲಿಲ್ಲ. ಇವತ್ತು ಬೆಳಿಗ್ಗೆ ಆ ಹಾಳೆ ಹಿಡಿದು ಅಂಗಡಿಗೆ ಬಂದು, "ನನಗೂ ಭಟ್ಟಿ ಕೆಲಸ ಕಲಿಸ್ರಿ" ಎಂದಳು. ಸೋಮವಾರದಿಂದ ಬರುತ್ತಾಳೆ. ನಾನು ಮೂರನೇ ಅಧ್ಯಾಯದಲ್ಲೇ ಸತ್ತುಹೋದೆನೆಂದು ಅವಳಿಗೆ ನೀನೇ ಬಂದು ಹೇಳು.